ನಾಲ್ಕು ಡಿಸ್ಕೂ ಪಾಸ್, ಆದರೂ ಒಂದು ಸಾಯುತ್ತಿತ್ತು: ಮನೆ ಸರ್ವರ್ ಒಂದರ ಪ್ರಕರಣ

ಇದು ಗೆಳೆಯನೊಬ್ಬನ ಮನೆ ಸರ್ವರ್‌ನ ಪ್ರಕರಣ. ಹಳೆಯ ಡೆಸ್ಕ್‌ಟಾಪ್ ಪೆಟ್ಟಿಗೆ, ಒಳಗೆ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ಡೆಬಿಯನ್ (ಲಿನಕ್ಸ್‌ನ ಒಂದು ಬಗೆ), ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಫೈಲ್ ಇಡುವ ವ್ಯವಸ್ಥೆಯಾಗಿ ಝಡ್‌ಎಫ್‌ಎಸ್. ಡಿಸ್ಕ್‌ಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿಟ್ಟುಕೊಳ್ಳೋಣ. ಎ ಮತ್ತು ಬಿ ಒಂದು ಮಿರರ್ ಜೋಡಿ, ಅಂದರೆ ಎರಡರಲ್ಲೂ ಅದೇ ಡೇಟಾ. ಸಿ ಮತ್ತು ಡಿ ಇನ್ನೊಂದು. ಎರಡು ಜೋಡಿ ಸೇರಿ ಒಂದೇ ಪೂಲ್, ಅಂದರೆ ಒಂದೇ ದೊಡ್ಡ ಸಂಗ್ರಹ. ಒಂದು ಜೋಡಿಯಲ್ಲಿ ಒಂದು ಡಿಸ್ಕ್ ಹೋದರೆ ಡೇಟಾಗೆ ಏನೂ ಆಗುವುದಿಲ್ಲ. ಒಂದೇ ಜೋಡಿಯ ಎರಡೂ ಹೋದರೆ ಮಾತ್ರ ಇಡೀ ಪೂಲ್ ಹೋಗುತ್ತದೆ. ಉಳಿದ ಎರಡು ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಪ್ರಯೋಜನವಿಲ್ಲ. ಈ ಪ್ರಕರಣದಲ್ಲಿ ತೆಗೆದುಕೊಂಡ ಬಹುತೇಕ ನಿರ್ಧಾರಗಳು ಇದೇ ಕಾರಣದಿಂದ ಬಂದವು.

ಅದರಲ್ಲಿದ್ದದ್ದು ಕುಟುಂಬದ ಫೋಟೋ, ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ, ಮನೆಯವರ ಲ್ಯಾಪ್‌ಟಾಪ್‌ಗಳ ಬ್ಯಾಕಪ್. ಫೋಟೋಗಳಲ್ಲಿ ದೊಡ್ಡದೊಂದು ಭಾಗಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ. ಮಿರರ್ ಇದೆಯಲ್ಲ, ಸಾಕು ಅನ್ನುವ ನಂಬಿಕೆ.

ದೂರು ಬಂದದ್ದು ವೈಫೈ ಮೇಲೆ

ವಿಡಿಯೊ ನೋಡುವಾಗ ಆಗಾಗ ಚಿತ್ರ ನಿಂತುಬಿಡುತ್ತಿತ್ತು. ಹತ್ತು ಹದಿನೈದು ಸೆಕೆಂಡ್ ಆದ ಮೇಲೆ ಏನೂ ಆಗದ ಹಾಗೆ ಮತ್ತೆ ಓಡುತ್ತಿತ್ತು. ರಾತ್ರಿ ಶುರುವಾದ ಬ್ಯಾಕಪ್ ಬೆಳಗಾದರೂ ಮುಗಿಯುತ್ತಿರಲಿಲ್ಲ. ಮನೆಯವರು ವೈಫೈ ಸರಿ ಇಲ್ಲ ಅಂದುಕೊಂಡು ರೌಟರ್‌ನ ಜಾಗವನ್ನೂ ಬದಲಿಸಿದ್ದರು. ಡಿಸ್ಕ್ ಕೆಡುವಾಗ ಮೊದಲು ಕಾಣುವುದು ಹೀಗೆಯೇ. ಫೈಲ್ ತೆರೆಯುತ್ತದೆ, ತಪ್ಪಿನ ಸಂದೇಶ ಬರುವುದಿಲ್ಲ, ಬರೀ ನಿಧಾನ. ಹಾಗಾಗಿ ಅನುಮಾನ ನೆಟ್‌ವರ್ಕ್ ಮೇಲೆ ಹೋಗುತ್ತದೆ, ಪ್ರೊಸೆಸರ್ ಮೇಲೆ ಹೋಗುತ್ತದೆ, ಡಿಸ್ಕ್ ಮೇಲೆ ಮಾತ್ರ ಹೋಗುವುದಿಲ್ಲ.

ನೆಟ್‌ವರ್ಕನ್ನು ಬದಿಗಿಡುವುದು ಸುಲಭ. ಸರ್ವರ್‌ನಲ್ಲೇ ಕೂತು ದೊಡ್ಡ ಫೈಲೊಂದನ್ನು ಓದಿಸಿ ನೋಡಿದೆವು. ಅಲ್ಲೂ ಅದೇ ತಡೆ. ಪ್ರೊಸೆಸರ್ ಖಾಲಿ ಕೂತಿತ್ತು, ಆದರೆ ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ ಲೆಕ್ಕ) ಏರುತ್ತಿತ್ತು. ಅಂದರೆ ಕೆಲಸಗಳೆಲ್ಲ ಯಾವುದಕ್ಕೋ ಕಾಯುತ್ತಿವೆ. ಆಮೇಲೆ ಐಒಸ್ಟ್ಯಾಟ್ ಓಡಿಸಿದೆವು. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಉಪಯುಕ್ತ ಹೆಜ್ಜೆ ಅದು. ಒಂದೊಂದು ಓದುವ ಕೋರಿಕೆಗೆ ಪ್ರತಿ ಡಿಸ್ಕ್ ಸರಾಸರಿ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಅಂತ ಅದು ತೋರಿಸುತ್ತದೆ. ಡಿ ಡಿಸ್ಕ್ 12ರ ಆಸುಪಾಸಿನಲ್ಲಿತ್ತು. ಸಿ ಡಿಸ್ಕ್ ಒಮ್ಮೊಮ್ಮೆ 900 ದಾಟುತ್ತಿತ್ತು.

ಮಿರರ್ ಇಟ್ಟುಕೊಂಡವರಿಗೆ ಇದೊಂದು ದೊಡ್ಡ ಅನುಕೂಲ. ಸಿ ಮತ್ತು ಡಿ ಒಂದೇ ಮಾದರಿ, ಒಂದೇ ವಯಸ್ಸು, ಒಳಗಿರುವ ಡೇಟಾನೂ ಒಂದೇ. ಜೋಡಿಯ ಒಂದು ಡಿಸ್ಕ್ ಇನ್ನೊಂದಕ್ಕಿಂತ ಎಪ್ಪತ್ತು ಪಟ್ಟು ನಿಧಾನ ಅಂದರೆ ಅದಕ್ಕೆ ಕಾರಣ ಇರಲೇಬೇಕು. ಆರೋಗ್ಯವಂತ ಡಿಸ್ಕ್ ಹೇಗಿರಬೇಕು ಅಂತ ಎಲ್ಲೋ ಹುಡುಕಬೇಕಾಗಿಲ್ಲ, ಪಕ್ಕದಲ್ಲೇ ಇದೆ.

ನಿಧಾನ ಯಾಕೆ ಆಗುತ್ತದೆ ಅಂತಲೂ ಹೇಳಬೇಕು. ಒಂದು ಸೆಕ್ಟರ್ (ಡೇಟಾ ಇಡುವ ಪುಟ್ಟ ತುಂಡು ಜಾಗ) ಓದಲು ಆಗದಿದ್ದರೆ ಡಿಸ್ಕ್ ತಕ್ಷಣ ಸೋಲೊಪ್ಪುವುದಿಲ್ಲ. ಡೇಟಾ ಬರೆದಿರುವ ತಟ್ಟೆ ಇನ್ನೊಂದು ಸುತ್ತು ಬರಲಿ ಅಂತ ಕಾಯುತ್ತದೆ, ಮತ್ತೆ ಓದುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಓದುವ ಹೆಡ್ಡನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ನೂರಾರು ಸಲ ಪ್ರಯತ್ನಿಸಿದರೆ ಸೆಕೆಂಡುಗಳು ಹೋಗುತ್ತವೆ. ನ್ಯಾಸ್‌ಗೆಂದೇ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪೆಟ್ಟಿಗೆಗೆ) ಮಾಡಿದ ಡಿಸ್ಕ್‌ಗಳಲ್ಲಿ ಈ ಪ್ರಯತ್ನಕ್ಕೆ ಸಾಮಾನ್ಯವಾಗಿ 7 ಸೆಕೆಂಡಿನ ಮಿತಿ ಇರುತ್ತದೆ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್ ಒಂದು ನಿಮಿಷಕ್ಕೂ ಜಾಸ್ತಿ ಒದ್ದಾಡಬಹುದು. ಲಿನಕ್ಸ್ ಮಾತ್ರ ಡಿಫಾಲ್ಟ್ ಆಗಿ 30 ಸೆಕೆಂಡ್ ಕಾದು, ಡಿಸ್ಕ್ ಉತ್ತರಿಸುತ್ತಿಲ್ಲ ಅಂತ ಲಿಂಕನ್ನೇ ರೀಸೆಟ್ ಮಾಡುತ್ತದೆ. ಗೆಳೆಯನ ನಾಲ್ಕೂ ಡೆಸ್ಕ್‌ಟಾಪ್ ಡಿಸ್ಕ್‌ಗಳೇ. ವಿಡಿಯೊ ನಿಲ್ಲುತ್ತಿದ್ದುದು ಈ ಒದ್ದಾಟದ ಹೊತ್ತಿನಲ್ಲಿ.

ಸ್ಮಾರ್ಟ್ ವರದಿ ಓದಿದ ಬಗೆ

ನಾನು ನೋಡುವ ಮೊದಲೇ ಗೆಳೆಯ ಸ್ಮಾರ್ಟ್‌ಸಿಟಿಎಲ್ ಓಡಿಸಿದ್ದ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವೇ ಸ್ಮಾರ್ಟ್, ಅದನ್ನು ತೋರಿಸುವ ಆಜ್ಞೆ ಇದು. ನಾಲ್ಕು ಡಿಸ್ಕಿಗೂ ಒಟ್ಟು ಫಲಿತಾಂಶ 'ಪಾಸ್ಡ್'. ಆದರೂ ಅವನಿಗೆ ಭಯ ಹುಟ್ಟಿದ್ದು ಎ ಡಿಸ್ಕ್ ಮೇಲೆ. ಅದರ ರಾ ರೀಡ್ ಎರರ್ ರೇಟ್, ಹೆಸರಿನ ಪ್ರಕಾರ ಓದುವಾಗಿನ ತಪ್ಪುಗಳ ಅಂಕಿ, 14 ಕೋಟಿ ದಾಟಿತ್ತು. ಹೊಸ ಡಿಸ್ಕ್ ತಂದು ಮೊದಲು ಎ ಡಿಸ್ಕನ್ನೇ ಬದಲಿಸಬೇಕು ಅಂತ ಅವನ ಯೋಚನೆ.

ಹಾಗೆ ಮಾಡಿದ್ದರೆ ಹೊಸ ಡಿಸ್ಕ್ ಗಟ್ಟಿ ಜೋಡಿಗೆ ಸೇರಿ, ಸೋತ ಜೋಡಿ ಹಾಗೇ ಉಳಿಯುತ್ತಿತ್ತು.

ಕೆಲವು ತಯಾರಕರು ಆ ಅಂಕಿಯಲ್ಲಿ ಎರಡು ಲೆಕ್ಕವನ್ನು ಒಟ್ಟಿಗೆ ತುಂಬಿಡುತ್ತಾರೆ. 48 ಬಿಟ್‌ಗಳಲ್ಲಿ ಮೇಲಿನ 16 ಬಿಟ್ ತಪ್ಪುಗಳ ಲೆಕ್ಕ, ಕೆಳಗಿನ 32 ಬಿಟ್ ಓದಿದ ಒಟ್ಟು ಲೆಕ್ಕ. ಎ ಡಿಸ್ಕ್ ಆ ಬಗೆಯದು. ಅಂಥ ಡಿಸ್ಕಿನಲ್ಲಿ ಅಂಕಿ ಸುಮಾರು 429 ಕೋಟಿಯ ಒಳಗಿದ್ದರೆ ತಪ್ಪುಗಳ ಭಾಗ ಸೊನ್ನೆ ಅಂತಲೇ ಅರ್ಥ. 14 ಕೋಟಿ ಅಂದರೆ ಅದು ಅಷ್ಟು ಕೆಲಸ ಮಾಡಿದೆ, ಅಷ್ಟೇ.

ಬಿ ಡಿಸ್ಕ್‌ನಲ್ಲಿ 199ನೇ ಸಾಲು (ವರದಿಯ ಪ್ರತಿ ಸಾಲಿಗೂ ಹೀಗೊಂದು ಗುರುತಿನ ಸಂಖ್ಯೆ ಇರುತ್ತದೆ), ಯುಡಿಎಂಎ ಸಿಆರ್‌ಸಿ ಎರರ್ ಕೌಂಟ್, 1,312 ಇತ್ತು. ಇದೂ ನೋಡಲು ಭಯವಾಗುವ ಅಂಕಿಯೇ. ಆದರೆ ಇದು ತಟ್ಟೆಯ ಮೇಲಿನ ತಪ್ಪಲ್ಲ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಡೇಟಾ ಓಡಾಡುವಾಗ ಆದ ತಪ್ಪು. ಹೆಚ್ಚಿನ ಸಲ ಕಾರಣ ಸಾಟಾ ಕೇಬಲ್, ಇಲ್ಲವೇ ಸಡಿಲವಾದ ಕನೆಕ್ಟರ್. ಕೇಬಲ್ ಬದಲಿಸಿ, ಆ ದಿನದ ಅಂಕಿಯನ್ನು ಬರೆದಿಟ್ಟುಕೊಂಡೆವು. ಈ ಲೆಕ್ಕ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ, ಏರದೆ ನಿಂತರೆ ಸಾಕು. 1,312ರಲ್ಲೇ ನಿಂತಿತು.

ಸಿ ಡಿಸ್ಕ್ ನೋಡಿ. ಇವು ತಟ್ಟೆಯ ಮೇಲಿನ ಕೆಟ್ಟ ಜಾಗಗಳಿಗೆ ಸಂಬಂಧಿಸಿದ ಸಾಲುಗಳು. 5ನೇ ಸಾಲು, ರೀಅಲೊಕೇಟೆಡ್ ಸೆಕ್ಟರ್, 0. 187, ರಿಪೋರ್ಟೆಡ್ ಅನ್‌ಕರೆಕ್ಟಬಲ್, 3. 197, ಕರೆಂಟ್ ಪೆಂಡಿಂಗ್ ಸೆಕ್ಟರ್, 8. 198, ಆಫ್‌ಲೈನ್ ಅನ್‌ಕರೆಕ್ಟಬಲ್, 8. ಕೋಟಿಗಳ ಪಕ್ಕದಲ್ಲಿ ಎಂಟಕ್ಕೆ ಯಾರು ತಲೆಕೆಡಿಸಿಕೊಳ್ಳುತ್ತಾರೆ ಅಲ್ವಾ? ಆದರೆ ಆ ನಾಲ್ಕು ಡಿಸ್ಕ್‌ಗಳಲ್ಲಿ ಸಾಯುತ್ತಿದ್ದದ್ದು ಇದೊಂದೇ.

'ಪಾಸ್ಡ್' ಅನ್ನುವ ಪದದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಪ್ರತಿ ಸಾಲಿನಲ್ಲೂ ಒಂದು ಕಚ್ಚಾ ಅಂಕಿ ಇರುತ್ತದೆ, ಜೊತೆಗೆ ಅದರಿಂದ ತಯಾರಕರು ಲೆಕ್ಕ ಹಾಕಿದ ಒಂದು ಮಟ್ಟ ಇರುತ್ತದೆ. ಆ ಮಟ್ಟ ಸಾಮಾನ್ಯವಾಗಿ 100ರಿಂದ ಶುರುವಾಗಿ ಕೆಳಗಿಳಿಯುತ್ತದೆ. ತಯಾರಕರೇ ಇಟ್ಟ ಮಿತಿಗೆ ಅದು ಮುಟ್ಟಿದರೆ ಮಾತ್ರ ಫಲಿತಾಂಶ 'ಫೇಲ್ಡ್' ಆಗುತ್ತದೆ. ಬದಲಿಗೆಂದು ಇಟ್ಟ ಸೆಕ್ಟರ್‌ಗಳು ಡಿಸ್ಕಿನಲ್ಲಿ ಸಾವಿರಗಟ್ಟಲೆ ಇರುವಾಗ ಎಂಟು ಕೆಟ್ಟರೆ ಮಟ್ಟ 100ರಲ್ಲೇ ಇರುತ್ತದೆ. ಹಾಗಾಗಿ 'ಫೇಲ್ಡ್' ಅಂತ ಬಂದರೆ ನಂಬಿ. 'ಪಾಸ್ಡ್' ಅಂತ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ, ಕಚ್ಚಾ ಅಂಕಿಗಳನ್ನೇ ಓದಬೇಕು.

ಕರ್ನಲ್ ಲಾಗ್ (ಲಿನಕ್ಸ್ ಬರೆದಿಡುವ ದಾಖಲೆ) ಈ ಓದನ್ನು ಗಟ್ಟಿ ಮಾಡಿತು. ಬಿ ಡಿಸ್ಕಿನ ಹಳೆಯ ಸಾಲುಗಳಲ್ಲಿ 'ಐಸಿಆರ್‌ಸಿ' ಅಂತ ಇತ್ತು, ಅಂದರೆ ದಾರಿಯಲ್ಲಿ ಆದ ತಪ್ಪು. ಸಿ ಡಿಸ್ಕಿನ ಸಾಲುಗಳಲ್ಲಿ 'ಯುಎನ್‌ಸಿ' ಅಂತ ಇತ್ತು, ಅಂದರೆ ತಟ್ಟೆಯ ಮೇಲೆ ಸರಿಪಡಿಸಲಾಗದ ತಪ್ಪು. ಎರಡೂ ಒಂದೇ ಥರದ ಕೆಂಪು ಸಾಲುಗಳ ನಡುವೆ ಅಡಗಿರುತ್ತವೆ. ಡಿಸ್ಕ್ ಎಸೆಯಬೇಕೋ ಕೇಬಲ್ ಎಸೆಯಬೇಕೋ ಅನ್ನುವುದು ಆ ಮೂರು ನಾಲ್ಕು ಅಕ್ಷರದಲ್ಲಿರುತ್ತದೆ.

ಸಿಸ್ಟಂ ಲಾಗ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು, ಅದನ್ನು ನೋಡಿ ಬೇಸರವಾಯಿತು. ಸ್ಮಾರ್ಟ್ ಅಂಕಿಗಳ ಮೇಲೆ ಕಣ್ಣಿಡುವ ಸ್ಮಾರ್ಟ್‌ಡಿ ಮೊದಲಿಂದಲೂ ಓಡುತ್ತಿತ್ತು. ಅದು ಡಿಫಾಲ್ಟ್ ಆಗಿ 30 ನಿಮಿಷಕ್ಕೊಮ್ಮೆ ಡಿಸ್ಕ್‌ಗಳನ್ನು ನೋಡುತ್ತದೆ. ಸಿ ಡಿಸ್ಕಿನಲ್ಲಿ ಓದಲಾಗದ 8 ಸೆಕ್ಟರ್ ಇವೆ ಅಂತ ಅರ್ಧ ಗಂಟೆಗೊಂದು ಸಾಲು, ವಾರಗಟ್ಟಲೆ ಬರೆಯುತ್ತಲೇ ಬಂದಿತ್ತು. ಎಚ್ಚರಿಕೆಯ ಮೇಲ್ ಕೂಡ ಕಳಿಸಿತ್ತು, ಅದೇ ಸರ್ವರ್‌ನ ರೂಟ್ (ನಿರ್ವಾಹಕ) ಬಳಕೆದಾರನ ಅಂಚೆಪೆಟ್ಟಿಗೆಗೆ. ಅದನ್ನು ಯಾರೂ ಯಾವತ್ತೂ ತೆರೆದಿರಲಿಲ್ಲ.

ಎಂಟು ಸೊನ್ನೆಯಾದಾಗ

ಝಡ್‌ಎಫ್‌ಎಸ್‌ನ ತಿಂಗಳ ಸ್ಕ್ರಬ್, ಅಂದರೆ ಇಟ್ಟ ಡೇಟಾವನ್ನೆಲ್ಲ ಓದಿ ಸರಿಯಿದೆಯೇ ಅಂತ ನೋಡುವ ಕೆಲಸ, ಅಷ್ಟರಲ್ಲಿ ಬಂತು. ಅದು ಮುಗಿದ ಮೇಲೆ ನೋಡಿದರೆ ಸಿ ಡಿಸ್ಕಿನ ಪೆಂಡಿಂಗ್ 0. ಗೆಳೆಯನಿಗೆ ಖುಷಿಯೋ ಖುಷಿ. "ಸರಿಹೋಯ್ತು ಅಲ್ವಾ, ಇನ್ನೊಂದು ವರ್ಷ ನೋಡೋಣ ಬಿಡು" ಅಂದ.

ಈ ಸೊನ್ನೆಗೆ ಬೇರೆಯೇ ಅರ್ಥವಿದೆ. ಪೆಂಡಿಂಗ್ ಅಂದರೆ ಡಿಸ್ಕ್ ಓದಲಾಗದೆ ಅನುಮಾನದ ಪಟ್ಟಿಗೆ ಸೇರಿಸಿದ ಸೆಕ್ಟರ್. ಅದರಲ್ಲಿದ್ದ ಡೇಟಾ ಏನಿತ್ತು ಅಂತ ಡಿಸ್ಕಿಗೆ ಗೊತ್ತಿಲ್ಲ, ಹಾಗಾಗಿ ತಾನೇ ಬದಲಿಸಲಾರದು. ಯಾರಾದರೂ ಅಲ್ಲಿಗೆ ಹೊಸದಾಗಿ ಬರೆಯುವ ತನಕ ಕಾಯುತ್ತದೆ. ಬರೆದಾಗ ಆ ಜಾಗ ಸರಿ ಇದ್ದರೆ ಪಟ್ಟಿಯಿಂದ ತೆಗೆಯುತ್ತದೆ. ಸರಿ ಇಲ್ಲದಿದ್ದರೆ ಬದಲಿ ಸೆಕ್ಟರ್‌ಗೆ ಬರೆದು 5ನೇ ಸಾಲಿನ ಲೆಕ್ಕ ಏರಿಸುತ್ತದೆ. ಸ್ಕ್ರಬ್ ಮಾಡಿದ್ದು ಇಷ್ಟು: ಸಿ ಡಿಸ್ಕಿನಲ್ಲಿ ಓದಲು ಆಗಲಿಲ್ಲ, ಡಿ ಡಿಸ್ಕಿನಿಂದ ಸರಿಯಾದ ಪ್ರತಿ ತಂದು ಸಿ ಮೇಲೆ ಮತ್ತೆ ಬರೆಯಿತು. ಪೆಂಡಿಂಗ್ 8ರಿಂದ 0ಗೆ ಇಳಿಯಿತು, ರೀಅಲೊಕೇಟೆಡ್ 0ಯಿಂದ 8ಕ್ಕೆ ಏರಿತು. ಡಿಸ್ಕ್ ವಾಸಿಯಾಗಿರಲಿಲ್ಲ. ಕೆಟ್ಟ ಜಾಗವೊಂದನ್ನು ಖಾಯಂ ಬಿಟ್ಟುಕೊಟ್ಟಿತ್ತು.

ಅಂಕಿಗಳು ಎಂಟರ ಲೆಕ್ಕದಲ್ಲಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಈಗಿನ ಡಿಸ್ಕ್‌ಗಳಲ್ಲಿ ನಿಜವಾದ ಸೆಕ್ಟರ್ 4,096 ಬೈಟ್. ಕಂಪ್ಯೂಟರಿಗೆ ಅದು 512 ಬೈಟಿನ ಎಂಟು ತುಂಡಾಗಿ ಕಾಣುತ್ತದೆ. ಒಂದು ಕೆಟ್ಟರೆ ಎಂಟು ಕೆಟ್ಟ ಹಾಗೆ.

ಒಂದು ಸೆಕ್ಟರ್ ಕೆಟ್ಟು ಅಲ್ಲಿಗೇ ನಿಂತ ಡಿಸ್ಕ್‌ಗಳು ವರ್ಷಗಟ್ಟಲೆ ಓಡುವುದುಂಟು. ಹಾಗಾಗಿ ಒಂದು ದಿನದ ಅಂಕಿ ನೋಡಿ ನಾನು ತೀರ್ಪು ಕೊಡುವುದಿಲ್ಲ, ಅದು ಯಾವ ಕಡೆ ಹೋಗುತ್ತಿದೆ ಅಂತ ನೋಡುತ್ತೇನೆ. ಕೆಲವೇ ದಿನಗಳಲ್ಲಿ ಪೆಂಡಿಂಗ್ ಮತ್ತೆ 16 ಆಯಿತು. 187ನೇ ಸಾಲು 3ರಿಂದ 11ಕ್ಕೆ ಏರಿತು. ತಡೆ ಮತ್ತೆ ಶುರುವಾಯಿತು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು.

ಇದಕ್ಕೆ ಆಧಾರವೂ ಇದೆ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಅನುಭವವನ್ನು ಪ್ರಕಟಿಸಿತು. ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನ ತಟ್ಟೆಯನ್ನು ತಾನೇ ಓದಿ ನೋಡುವಾಗ ಸಿಕ್ಕ ತಪ್ಪು) ಕಂಡ ಡಿಸ್ಕ್, ಅಂಥ ತಪ್ಪು ಇಲ್ಲದ ಡಿಸ್ಕಿಗಿಂತ ಮುಂದಿನ 60 ದಿನದೊಳಗೆ ಕೆಡುವ ಸಾಧ್ಯತೆ 39 ಪಟ್ಟು ಜಾಸ್ತಿ ಅಂತ ಅದರಲ್ಲಿತ್ತು. ಆನ್‌ಲೈನ್ ಬ್ಯಾಕಪ್ ಸೇವೆ ಕೊಡುವ ಬ್ಯಾಕ್‌ಬ್ಲೇಜ್ ಕಂಪನಿ 5, 187, 188, 197, 198 ಈ ಐದು ಸಾಲುಗಳನ್ನು ಗಮನಿಸುತ್ತದೆ. 2016ರಲ್ಲಿ ಅವರು ಹೇಳಿದ ಪ್ರಕಾರ ಕೆಟ್ಟ ಡಿಸ್ಕ್‌ಗಳಲ್ಲಿ ಶೇ 76.7ರಷ್ಟರಲ್ಲಿ ಈ ಐದರಲ್ಲಿ ಒಂದಾದರೂ ಸೊನ್ನೆಗಿಂತ ಮೇಲಿತ್ತು. ಚೆನ್ನಾಗಿ ಓಡುತ್ತಿದ್ದ ಡಿಸ್ಕ್‌ಗಳಲ್ಲಿ ಹಾಗಿದ್ದದ್ದು ಶೇ 4.2 ಮಾತ್ರ. ಉಳಿದ ಶೇ 23.3ನ್ನೂ ಮರೆಯಬೇಡಿ. ಅವು ಈ ಸಾಲುಗಳಲ್ಲಿ ಏನೂ ತೋರಿಸದೆ ಸತ್ತವು. ಸೊನ್ನೆಗಳನ್ನು ನೋಡಿ ಬ್ಯಾಕಪ್ ಬಿಟ್ಟವರಿಗೆ ಈ ಅಂಕಿ ಕೇಳಿಸಬೇಕು.

ಸಿ ಡಿಸ್ಕ್ ನಡುವಿನ ಖಾನೆಯಲ್ಲಿತ್ತು, 47 ಡಿಗ್ರಿ. ಉಳಿದವು 41ರ ಆಸುಪಾಸು. ಬಿಸಿಯಿಂದಲೇ ಕೆಟ್ಟಿತು ಅಂತ ಹೇಳಲು ಸುಲಭ, ಆದರೆ ನಾನು ಹೇಳುವುದಿಲ್ಲ. ಜನ ನಂಬಿದಷ್ಟು ನಂಟು ಬಿಸಿಗೂ ಕೆಡುವುದಕ್ಕೂ ಗೂಗಲ್‌ನ ಅದೇ ಅಧ್ಯಯನಕ್ಕೆ ಸಿಗಲಿಲ್ಲ. ಶಬ್ದದ ಬಗ್ಗೆಯೂ ಒಂದು ಮಾತು. ಸಿ ಡಿಸ್ಕ್ ಕೊನೆಯವರೆಗೂ ಒಂದು ಟಕ್ ಅನ್ನಲಿಲ್ಲ. ಹೆಡ್ ದಾರಿ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಬರುವಾಗ ಆ ಟಕ್ ಟಕ್ ಕೇಳುತ್ತದೆ. ಅದು ಕೇಳುವ ಹೊತ್ತಿಗೆ ಎಷ್ಟೋ ಸಲ ಸಮಯ ಮೀರಿರುತ್ತದೆ.

ಯಾವುದು ಮೊದಲು

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ಲಾಂಗ್ ಟೆಸ್ಟ್ ಕಡೆಗೆ. ಇಡೀ ಡಿಸ್ಕ್ ಓದಿಸಿ ನೋಡೋಣ ಅಂತ. ನಾನು ಬೇಡ ಅಂದೆ. ಡಿಸ್ಕ್ ಕೆಡುತ್ತಿದೆ ಅಂತ ಗೊತ್ತಾದ ಮೇಲೆ ಅದರಲ್ಲಿ ಉಳಿದಿರುವ ಓದುವ ಶಕ್ತಿ ಪರೀಕ್ಷೆಗಲ್ಲ, ನಕಲಿಗೆ ಖರ್ಚಾಗಬೇಕು. ಮೊದಲು ಬೇರೆಲ್ಲೂ ಇಲ್ಲದ ಫೋಟೋಗಳು, ಆಮೇಲೆ ಕಾಗದಪತ್ರ, ಕೊನೆಗೆ ಉಳಿದದ್ದು. ಎಲ್ಲವೂ ಒಂದು ಹೊರಗಿನ ಡಿಸ್ಕಿಗೆ ಹೋದವು. ಲ್ಯಾಪ್‌ಟಾಪ್ ಬ್ಯಾಕಪ್‌ಗಳನ್ನು ಬಿಟ್ಟೆವು, ಮೂಲ ಇದೆಯಲ್ಲ. ರಾತ್ರಿಯ ಬ್ಯಾಕಪ್ ಕೆಲಸವನ್ನೂ ಅಷ್ಟು ದಿನ ನಿಲ್ಲಿಸಿದೆವು.

ಆ ನಕಲು ನಡೆಯುವಾಗಲೇ ಹೊಸ ಡಿಸ್ಕಿಗೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಲಾಂಗ್ ಟೆಸ್ಟ್ ಹಾಕಿದೆವು. 4 ಟಿಬಿಗೆ ಎಂಟು ಗಂಟೆಯ ಆಸುಪಾಸು ಬೇಕು. ಸಮಯವಿದ್ದಿದ್ದರೆ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್‌ನಿಂದ ನಾಲ್ಕು ಸುತ್ತು ಬರೆದು ಓದಿಸುತ್ತಿದ್ದೆ. ಹೊಸ ಡಿಸ್ಕ್‌ಗಳಲ್ಲೂ ಶುರುವಿನಲ್ಲೇ ಕೈಕೊಡುವವು ಇರುತ್ತವೆ. ಆದರೆ ಅದಕ್ಕೆ ಎರಡು ಮೂರು ದಿನ ಬೇಕು, ಸಿ ಅಷ್ಟು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಆಮೇಲೆ ಬಂದದ್ದು ನಿಜವಾದ ಪ್ರಶ್ನೆ. ನಿಧಾನ ಮಾಡುತ್ತಿರುವ ಸಿ ಡಿಸ್ಕನ್ನು ಮೊದಲು ಕಿತ್ತು ಆ ಜಾಗಕ್ಕೆ ಹೊಸದನ್ನು ಹಾಕಬೇಕೇ? ಗೆಳೆಯ ಹಾಗೇ ಯೋಚಿಸಿದ್ದ, ಬಹಳ ಜನ ಹಾಗೇ ಮಾಡುತ್ತಾರೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಕಿತ್ತ ಕ್ಷಣದಿಂದ ಹೊಸ ಡಿಸ್ಕ್ ತುಂಬುವ ತನಕ ಡಿ ಒಂದೇ ಆಧಾರ. ಡಿ ಡಿಸ್ಕಿನ ಅಂಕಿಗಳು ಶುದ್ಧವಾಗಿದ್ದವು. ಆದರೂ ಅದು ಸಿ ಜೊತೆಗೇ ಕೊಂಡದ್ದು, ಒಂದೇ ಬ್ಯಾಚ್, ಎರಡೂ 41,000 ಗಂಟೆ ದಾಟಿದ್ದವು. ಅಂದರೆ ನಾಲ್ಕೂವರೆ ವರ್ಷಕ್ಕೂ ಜಾಸ್ತಿ ಓಟ. ಅಣ್ಣನಿಗೆ ಬಂದದ್ದು ತಮ್ಮನಿಗೂ ಬರಬಹುದು. ಅದರ ಮೇಲೆ, ಹೊಸ ಡಿಸ್ಕ್ ತುಂಬುವಾಗ ಡಿ ತನ್ನಲ್ಲಿರುವುದನ್ನೆಲ್ಲ ಒಂದೇ ಉಸಿರಿಗೆ ಓದಿ ಕೊಡಬೇಕು. ವರ್ಷಗಟ್ಟಲೆ ಮುಟ್ಟದ ಮೂಲೆಗಳೂ ಅದರಲ್ಲಿ ಬರುತ್ತವೆ.

ಮದರ್‌ಬೋರ್ಡಿನಲ್ಲಿ ಖಾಲಿ ಸಾಟಾ ಪೋರ್ಟ್ ಇತ್ತು. ಹಾಗಾಗಿ ಸಿ ಡಿಸ್ಕನ್ನು ಅಲ್ಲೇ ಬಿಟ್ಟು, ಹೊಸದನ್ನು ಪಕ್ಕದಲ್ಲಿ ಜೋಡಿಸಿ, ರಿಪ್ಲೇಸ್ ಆಜ್ಞೆ ಕೊಟ್ಟೆವು. ಹಳೆಯದು ಇನ್ನೂ ಕೂತಿರುವಾಗಲೇ ಹೀಗೆ ಮಾಡಿದರೆ ಝಡ್‌ಎಫ್‌ಎಸ್ ಎರಡೂ ಹಳೆಯ ಡಿಸ್ಕ್‌ಗಳಿಂದ ಓದುತ್ತದೆ. ಒಂದರಲ್ಲಿ ಸಿಗದ ತುಂಡು ಇನ್ನೊಂದರಲ್ಲಿ ಸಿಗುತ್ತದೆ. ಹೊಸದು ಪೂರ್ತಿ ತುಂಬಿದ ಮೇಲಷ್ಟೇ ಹಳೆಯದನ್ನು ಬಿಡುತ್ತದೆ.

ರೀಸಿಲ್ವರ್, ಅಂದರೆ ಹೊಸ ಡಿಸ್ಕ್ ತುಂಬುವ ಕೆಲಸ, ನಿಧಾನವಾಗಿ ನಡೆಯಿತು. ಸಿ ಅಲ್ಲಲ್ಲಿ ನಿಂತು ನಿಂತು ಓದಿತು, ಅದರ ರೀಡ್ ಎರರ್ ಏರುತ್ತಾ ಹೋಯಿತು. ಮುಗಿಯುವ ಹೊತ್ತಿಗೆ ಸ್ಟೇಟಸ್‌ನಲ್ಲಿ ಡಿ ಡಿಸ್ಕಿನ ಮುಂದೆಯೂ ಒಂದು ರೀಡ್ ಎರರ್ ಕಾಣಿಸಿತು. ಅದರ ಪೆಂಡಿಂಗ್ ಮೊದಲ ಸಲ 8 ಆಗಿತ್ತು. ಆ ತುಂಡು ಸಿ ಡಿಸ್ಕಿನಲ್ಲಿ ಚೆನ್ನಾಗೇ ಇತ್ತು, ಅಲ್ಲಿಂದ ಬಂತು. ಒಂದು ಫೈಲೂ ಹಾಳಾಗಲಿಲ್ಲ. ಸಿ ಡಿಸ್ಕನ್ನು ಮೊದಲೇ ಕಿತ್ತಿದ್ದರೆ ಆ ತುಂಡು ಎಲ್ಲೂ ಸಿಗುತ್ತಿರಲಿಲ್ಲ. ಸಾಯುತ್ತಿರುವ ಡಿಸ್ಕಿಗೂ ಕೊನೆಯ ತನಕ ಕೆಲಸವಿರುತ್ತದೆ. ಜಾಗವಿದ್ದರೆ ಮೊದಲೇ ಕೀಳಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಆಮೇಲೆ

ಹೊರಗೆ ತೆಗೆದ ಸಿ ಡಿಸ್ಕ್ ಮೇಲೆ ಬ್ಯಾಡ್‌ಬ್ಲಾಕ್ಸ್ ಓಡಿಸಿದೆವು. ಈಗ ಅದರಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ. ಬರೆಯುತ್ತಾ ಹೋದಂತೆ ರೀಅಲೊಕೇಟೆಡ್ ನೂರರ ಮೇಲೆ ಹೋಯಿತು, ಇನ್ನೂ ಏರುತ್ತಲೇ ಇತ್ತು. ಅರ್ಧಕ್ಕೇ ನಿಲ್ಲಿಸಿದೆವು.

ಡಿ ಡಿಸ್ಕನ್ನೂ ಅದೇ ಕ್ರಮದಲ್ಲಿ ಬದಲಿಸಿದೆವು. ಈ ಸಲ ಬೇರೆ ಮಾದರಿಯ ಡಿಸ್ಕ್ ಹಾಕಿದೆವು, ಜೋಡಿಯ ಎರಡಕ್ಕೂ ಒಂದೇ ಬ್ಯಾಚ್ ಆಗಬಾರದು ಅಂತ. ಎ ಮತ್ತು ಬಿ ಈಗಲೂ ಓಡುತ್ತಿವೆ.

ಸ್ಮಾರ್ಟ್‌ಡಿ ಮತ್ತು ಝಡ್‌ಎಫ್‌ಎಸ್‌ನ ಎಚ್ಚರಿಕೆಗಳು ಈಗ ಗೆಳೆಯನ ಫೋನಿಗೆ ಬರುತ್ತವೆ. ಹಾಗೆ ಜೋಡಿಸಿದ ಮೇಲೆ ಪರೀಕ್ಷೆಗೆಂದು ಒಂದು ಮೇಲ್ ಕಳಿಸಿ, ಅದು ತಲುಪಿತು ಅಂತ ಕಣ್ಣಾರೆ ನೋಡಿದೆವು. ಸುಮ್ನೆ ಸೆಟ್ಟಿಂಗ್ ಬದಲಿಸಿ ಎದ್ದುಹೋದರೆ ಮತ್ತೆ ಯಾರೂ ತೆರೆಯದ ಪೆಟ್ಟಿಗೆಗೇ ಹೋಗಬಹುದು. ವಾರಕ್ಕೊಂದು ಶಾರ್ಟ್ ಟೆಸ್ಟ್, ತಿಂಗಳಿಗೊಂದು ಲಾಂಗ್ ಟೆಸ್ಟ್, ಅದಕ್ಕೆ ಬೇರೆ ದಿನ ಸ್ಕ್ರಬ್. ಸ್ಕ್ರಬ್ ಇದ್ದ ಮೇಲೆ ಲಾಂಗ್ ಟೆಸ್ಟ್ ಯಾಕೆ ಅಂತ ಅವನು ಕೇಳಿದ. ಸ್ಕ್ರಬ್ ಓದುವುದು ಡೇಟಾ ಇರುವ ಜಾಗವನ್ನು ಮಾತ್ರ. ಖಾಲಿ ಜಾಗ ಕೆಟ್ಟಿದ್ದರೆ ಅದಕ್ಕೆ ತಿಳಿಯದು, ಲಾಂಗ್ ಟೆಸ್ಟಿಗೆ ತಿಳಿಯುತ್ತದೆ. ಫೋಟೋಗಳ ಹೊರಗಿನ ನಕಲನ್ನು ಹಾಗೇ ಉಳಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಟ್ಟಿದ್ದಾನೆ.

ಉಳಿದದ್ದು ಹಳೆಯ ಎರಡು ಡಿಸ್ಕ್. ಅವುಗಳಲ್ಲಿ ಎನ್‌ಕ್ರಿಪ್ಶನ್ ಇರಲಿಲ್ಲ. ಪೂರ್ತಿ ಅಳಿಸಿ ಬರೆದರೂ ರೀಅಲೊಕೇಟ್ ಆದ ಸೆಕ್ಟರ್‌ಗಳನ್ನು ಸಾಮಾನ್ಯ ಬರವಣಿಗೆ ಮುಟ್ಟುವುದಿಲ್ಲ, ಹಳೆಯ ತುಣುಕುಗಳು ಅಲ್ಲೇ ಉಳಿಯುತ್ತವೆ. ಹಾಗಾಗಿ ಮುಚ್ಚಳ ಬಿಚ್ಚಿ, ತಟ್ಟೆಗಳನ್ನು ಹೊರತೆಗೆದು, ಗೀರಿ ಬಗ್ಗಿಸಿ, ಇ-ತ್ಯಾಜ್ಯಕ್ಕೆ ಕೊಟ್ಟೆವು.